ಬಿಡ್ಡಿ ಮೇಸನ್ - ಲಾಸ್ ಏಂಜಲೀಸಿನ ಸೂಲಗಿತ್ತಿ ಅಜ್ಜಿ



ಜನವರಿ ಎಂದರೆ ನಮಗೆಲ್ಲ ಸಂಕ್ರಾಂತಿ, ಎಳ್ಳು-ಬೆಲ್ಲ, ಕೂಟದ ಹೊಸ ವರ್ಷದ ಕಾರ್ಯಕ್ರಮಗಳ ತಯಾರಿ. ಅಮೆರಿಕದಲ್ಲಿ ಇದೇ ತಿಂಗಳನ್ನು 2010ರಿಂದ ಗುಲಾಮಗಿರಿ ಮತ್ತು ಮಾನವ ಕಳ್ಳಸಾಗಣೆ ತಡೆಯ ತಿಂಗಳು ಎಂದು ಆಚರಿಸುತ್ತ ಬಂದಿದ್ದಾರೆ. ಲಾಸ್ ಏಂಜಲೀಸಿಗರಾದ ನಮಗೆ ಈ ತಿಂಗಳು ಇನ್ನೊಂದು ಕಾರಣಕ್ಕೂ ಮುಖ್ಯ. ಇಲ್ಲಿನ ಒಂದು ನ್ಯಾಯಾಲಯದಲ್ಲಿ ಬಿಡ್ಡಿ ಮೇಸನ್ ಎಂಬ ಗುಲಾಮ ಹೆಣ್ಣುಮಗಳು ತನ್ನ ಮತ್ತು ತನ್ನ ಮಕ್ಕಳ ಬಿಡುಗಡೆಯನ್ನು ಪಡೆದದ್ದು 1856ರ ಜನವರಿಯಲ್ಲಿ. ಆಕೆ ತೀರಿಕೊಂಡದ್ದೂ ಜನವರಿಯಲ್ಲೇ, 1891ರ 15ರಂದು. ನಮ್ಮ ಮಕ್ಕಳಿಗೆ ಒನಕೆ ಓಬವ್ವನ, ಕಿತ್ತೂರು ಚೆನ್ನಮ್ಮನ ಕಥೆ ಹೇಳುವ ನಾವು ಈ ಊರಿನ ಬಿಡ್ಡಿ ಅಜ್ಜಿಯ ಕಥೆಯನ್ನೂ ಹೇಳಬೇಕು ಎಂಬ ಆಸೆಯಿಂದ ಈ ಲೇಖನ.

ಗಾಡಿಯ ಹಿಂದೆ ನಡೆದು ಬಂದವರು

ಬಿಡ್ಡಿ ಹುಟ್ಟಿದ್ದು 1818ರಲ್ಲಿ, ಅಮೆರಿಕದ ದಕ್ಷಿಣ ಭಾಗದಲ್ಲಿ. ಹುಟ್ಟಿನಿಂದಲೇ ಗುಲಾಮಳು. ಓದು ಬರಹ ಕಲಿಸಿದವರಿಲ್ಲ. ಆದರೆ ಹೆರಿಗೆ ಮಾಡಿಸುವುದು, ಗಿಡಮೂಲಿಕೆಯ ಔಷಧಿ ಕೊಡುವುದು, ದನಕರು ನೋಡಿಕೊಳ್ಳುವುದು ಇವೆಲ್ಲ ಆಕೆಗೆ ಕರಗತವಾಗಿದ್ದವು. ಮಿಸಿಸಿಪಿಯಲ್ಲಿ ರಾಬರ್ಟ್ ಸ್ಮಿತ್ ಎಂಬುವವನ ಮನೆಯಲ್ಲಿ ದುಡಿಯುತ್ತಿದ್ದ ಆಕೆಗೆ ಎಲೆನ್, ಆ್ಯನ್, ಹ್ಯಾರಿಯೆಟ್ ಎಂಬ ಮೂವರು ಹೆಣ್ಣುಮಕ್ಕಳು.

ಸ್ಮಿತ್ ಮಾರ್ಮನ್ ಪಂಥಕ್ಕೆ ಸೇರಿದ. 1848ರಲ್ಲಿ ಮನೆಮಂದಿಯನ್ನೂ ಗುಲಾಮರನ್ನೂ ಕರೆದುಕೊಂಡು ಯೂಟಾ ಕಡೆಗೆ ಹೊರಟ. ದಾರಿ ಸುಮಾರು 1,700 ಮೈಲಿ, ಅಂದರೆ ಬೆಂಗಳೂರಿನಿಂದ ದೆಹಲಿಗಿಂತಲೂ ದೂರ! ಯಜಮಾನರ ಸಾಮಾನು ಎತ್ತಿನ ಗಾಡಿಗಳಲ್ಲಿ. ಬಿಡ್ಡಿ ಗಾಡಿಗಳ ಹಿಂದೆ ದನಗಳನ್ನು ಹೊಡೆದುಕೊಂಡು ನಡಿಗೆಯಲ್ಲಿ. ಕಿರಿಯ ಮಗಳಿನ್ನೂ ಹಸುಗೂಸು. ಬಿಡಾರ ಬಿಟ್ಟ ಕಡೆ ಅಡುಗೆ ಮಾಡುವುದು, ದಾರಿಯಲ್ಲಿ ಹೆರಿಗೆಯಾದವರನ್ನು ನೋಡಿಕೊಳ್ಳುವುದು ಕೂಡ ಆಕೆಯದೇ ಕೆಲಸ.

1851ರಲ್ಲಿ ಸ್ಮಿತ್ ಮತ್ತೆ ಗಂಟು ಮೂಟೆ ಕಟ್ಟಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋಗೆ ಬಂದ. ಇಲ್ಲಿ ಒಂದು ತೊಡಕಿತ್ತು. ಕ್ಯಾಲಿಫೋರ್ನಿಯಾ 1850ರಲ್ಲಿ ಅಮೆರಿಕದ ಒಕ್ಕೂಟಕ್ಕೆ ಸೇರಿದ್ದು ಗುಲಾಮಗಿರಿ ಇಲ್ಲದ ರಾಜ್ಯವಾಗಿ. ಕಾನೂನಿನ ಪ್ರಕಾರ ಈ ನೆಲದಲ್ಲಿ ಬಿಡ್ಡಿ ಗುಲಾಮಳಲ್ಲ. ಆದರೆ ಅದನ್ನು ಆಕೆಗೆ ಹೇಳುವವರು ಯಾರು? ಯಜಮಾನನಂತೂ ಹೇಳಲಿಲ್ಲ. ನಾಲ್ಕು ವರ್ಷಕ್ಕೂ ಮಿಕ್ಕಿ ಆಕೆ ಸ್ವತಂತ್ರ ನೆಲದಲ್ಲಿ ಸಂಬಳವಿಲ್ಲದೆ ದುಡಿದರು.

ಕಣಿವೆಯ ಬಿಡಾರದಿಂದ ನ್ಯಾಯಾಲಯಕ್ಕೆ

1855ರ ಕೊನೆಯಲ್ಲಿ ಸ್ಮಿತ್ ಟೆಕ್ಸಾಸಿಗೆ ಹೋಗಲು ನಿರ್ಧರಿಸಿದ. ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಒಮ್ಮೆ ಗಡಿ ದಾಟಿದರೆ ಮುಗಿಯಿತು, ಮಕ್ಕಳನ್ನು ಬೇರೆ ಬೇರೆ ಕಡೆ ಮಾರಿದರೂ ಕೇಳುವವರಿಲ್ಲ. ಹೊರಡುವ ಮುನ್ನ ಅವರ ಬಿಡಾರ ಸಾಂಟಾ ಮೋನಿಕಾ ಬೆಟ್ಟಗಳ ಒಂದು ಕಣಿವೆಯಲ್ಲಿತ್ತು.

ಈ ಹೊತ್ತಿಗೆ ಬಿಡ್ಡಿಗೆ ಕೆಲವು ಸ್ವತಂತ್ರ ಕಪ್ಪು ಜನರ ಪರಿಚಯವಾಗಿತ್ತು. ಅವರಲ್ಲಿ ರಾಬರ್ಟ್ ಓವೆನ್ಸ್ ಲಾಸ್ ಏಂಜಲೀಸಿನಲ್ಲಿ ಕುದುರೆ, ಹೇಸರಗತ್ತೆಗಳ ವ್ಯಾಪಾರ ಮಾಡಿ ಅನುಕೂಲವಾಗಿದ್ದವರು. ಅವರ ಮಗ ಚಾರ್ಲ್ಸ್‌ಗೂ ಬಿಡ್ಡಿಯ ಹಿರಿಯ ಮಗಳು ಎಲೆನ್‌ಗೂ ಪ್ರೀತಿ. ಹಿಂದೆ ತಾನೂ ಗುಲಾಮಳಾಗಿದ್ದ ಎಲಿಜಬೆತ್ ರೋವನ್ ಎಂಬ ಗೆಳತಿಯೂ ಇದ್ದರು. ಇವರು ಸುಮ್ಮನೆ ಕೂರಲಿಲ್ಲ. ಶೆರಿಫನಿಗೆ ಸುದ್ದಿ ಮುಟ್ಟಿಸಿದರು. ಬಂಧನದಲ್ಲಿರುವವರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು ಎಂಬ ಹೇಬಿಯಸ್ ಕಾರ್ಪಸ್ ಅರ್ಜಿ ದಾಖಲಾಯಿತು. ಬಿಡ್ಡಿ, ಹ್ಯಾನಾ ಎಂಬ ಇನ್ನೊಬ್ಬ ಹೆಂಗಸು ಮತ್ತು ಮಕ್ಕಳೆಲ್ಲ ಸೇರಿ ಒಟ್ಟು 14 ಜನರ ಬಾಳು ಆ ಅರ್ಜಿಯ ಮೇಲೆ ನಿಂತಿತ್ತು.

ಪ್ರಕರಣ ಬಂದದ್ದು ನ್ಯಾಯಾಧೀಶ ಬೆಂಜಮಿನ್ ಹೇಯ್ಸ್ ಅವರ ಮುಂದೆ. ಲಾಸ್ ಏಂಜಲೀಸ್, ಸ್ಯಾನ್ ಬರ್ನಾರ್ಡಿನೋ, ಸ್ಯಾನ್ ಡಿಯಾಗೋ ಮೂರೂ ಕೌಂಟಿಗಳು ಆಗ ಇವರ ವ್ಯಾಪ್ತಿಯಲ್ಲಿದ್ದವು. ಸ್ಮಿತ್‌ನ ವಾದ ಏನು ಗೊತ್ತೇ? ಇವರು ಗುಲಾಮರೇ ಅಲ್ಲ, ನಮ್ಮ ಮನೆಯವರಿದ್ದ ಹಾಗೆ, ತಾವಾಗಿಯೇ ಇಷ್ಟಪಟ್ಟು ನಮ್ಮ ಜೊತೆ ಟೆಕ್ಸಾಸಿಗೆ ಬರುತ್ತಿದ್ದಾರೆ ಎಂದು! ಇದು ಸುಳ್ಳು ಎಂದು ಬಿಡ್ಡಿ ಕಟಕಟೆಯಲ್ಲಿ ನಿಂತು ಹೇಳುವಂತಿರಲಿಲ್ಲ. ಬಿಳಿಯರ ವಿರುದ್ಧ ಕಪ್ಪು ಜನರು ಸಾಕ್ಷಿ ಹೇಳಬಾರದೆಂದು ಆಗಿನ ಕ್ಯಾಲಿಫೋರ್ನಿಯಾದ ಕಾನೂನೇ ಇತ್ತು. ಸಾಲದ್ದಕ್ಕೆ ಬಿಡ್ಡಿಯ ಪರ ವಕೀಲನೂ ನಡುವೆಯೇ ಕೈಬಿಟ್ಟ.

ಹೇಯ್ಸ್ ಒಂದು ದಾರಿ ಕಂಡುಕೊಂಡರು. ತೆರೆದ ನ್ಯಾಯಾಲಯದಲ್ಲಿ ಆಗದಿದ್ದರೇನು, ತಮ್ಮ ಕೊಠಡಿಯಲ್ಲಿ ಬಿಡ್ಡಿಯನ್ನು ಕೂರಿಸಿ ಮಾತನಾಡಿಸಿದರು. ತಾನು ಯಾವಾಗಲೂ ಹೇಳಿದ್ದನ್ನು ಮಾಡುತ್ತ ಬಂದವಳು, ಆದರೆ ಈ ಟೆಕ್ಸಾಸ್ ಪ್ರಯಾಣಕ್ಕೆ ಮೊದಲಿನಿಂದಲೂ ಹೆದರಿದ್ದೆ ಎಂಬ ಅರ್ಥದ ಮಾತನ್ನು ಆಕೆ ಹೇಳಿದರು. ಮುಂದಿನ ವಿಚಾರಣೆಗೆ ಸ್ಮಿತ್ ಬರಲೇ ಇಲ್ಲ. ತನ್ನ ಹಕ್ಕೇ ತಿಳಿಯದವಳ ಒಪ್ಪಿಗೆ ಒಪ್ಪಿಗೆಯಲ್ಲ ಎಂಬ ನೆಲೆಯಲ್ಲಿ ಹೇಯ್ಸ್ 14 ಜನರೂ ಶಾಶ್ವತವಾಗಿ ಸ್ವತಂತ್ರರು ಎಂದು ತೀರ್ಪಿತ್ತರು. ಮರುವರ್ಷವೇ, 1857ರಲ್ಲಿ, ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಪ್ಪು ಜನರು ಈ ದೇಶದ ಪ್ರಜೆಗಳೇ ಅಲ್ಲ ಎಂದುಬಿಟ್ಟಿತು. ಸ್ವಲ್ಪ ತಡವಾಗಿದ್ದರೆ ಬಿಡ್ಡಿಯ ಗತಿ ಏನಾಗುತ್ತಿತ್ತೋ!

ದಿನಕ್ಕೆ ಎರಡೂವರೆ ಡಾಲರ್

37ನೇ ವಯಸ್ಸಿನಲ್ಲಿ ಬಿಡ್ಡಿ ಮೊದಲ ಬಾರಿಗೆ ಸಂಬಳ ಎಣಿಸಿದರು. ಡಾಕ್ಟರ್ ಜಾನ್ ಗ್ರಿಫಿನ್ ಅವರ ಬಳಿ ದಾದಿ ಮತ್ತು ಸೂಲಗಿತ್ತಿಯಾಗಿ ದಿನಕ್ಕೆ ಎರಡೂವರೆ ಡಾಲರ್. ಬಡವರು, ಶ್ರೀಮಂತರು, ಬಿಳಿಯರು, ಮೆಕ್ಸಿಕನ್ನರು ಎಂಬ ಭೇದವಿಲ್ಲದೆ ನೂರಾರು ಮಕ್ಕಳನ್ನು ಈ ಊರಿನಲ್ಲಿ ಹೆರಿಗೆ ಮಾಡಿಸಿದರು. ಸಿಡುಬು ಬಂದಾಗ ಜೀವದ ಹಂಗು ತೊರೆದು ರೋಗಿಗಳ ಆರೈಕೆ ಮಾಡಿದರು. ಸ್ಪ್ಯಾನಿಷ್ ಭಾಷೆಯನ್ನೂ ಚೆನ್ನಾಗಿ ಕಲಿತರು. ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ನಮಗೆ ನೆನಪಿದೆ. ಅಕ್ಷರ ಬಾರದಿದ್ದರೂ ಊರಿಗೆಲ್ಲ ತಾಯಿಯಾದ ಇಂಥ ಹಿರಿಯರನ್ನು ಗುರುತಿಸಲು ಕನ್ನಡಿಗರಿಗೆ ಕಷ್ಟವೇನಿಲ್ಲ.

ಹತ್ತು ವರ್ಷ ಪೈಸೆಗೆ ಪೈಸೆ ಕೂಡಿಟ್ಟು 1866ರಲ್ಲಿ 250 ಡಾಲರಿಗೆ ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಜಾಗ ಕೊಂಡರು. ಲಾಸ್ ಏಂಜಲೀಸಿನಲ್ಲಿ ಸ್ವಂತ ಹೆಸರಿನಲ್ಲಿ ಭೂಮಿ ಕೊಂಡ ಮೊದಲ ಕಪ್ಪು ಮಹಿಳೆಯರಲ್ಲಿ ಆಕೆಯೂ ಒಬ್ಬರು. ಆಗ ಅದು ಊರಾಚೆಯ ತೋಟದ ಪ್ರದೇಶ. ಮುಂದೆ ಅದೇ ನಗರದ ಹೃದಯವಾಯಿತು. 1884ರಲ್ಲಿ ಒಂದು ಭಾಗವನ್ನು 1,500 ಡಾಲರಿಗೆ ಮಾರಿ, ಉಳಿದ ಜಾಗದಲ್ಲಿ ಬಾಡಿಗೆಗೆ ಕೊಡುವ ಕಟ್ಟಡ ಕಟ್ಟಿಸಿದರು.

ಹಣ ಬಂದ ಮೇಲೆ ಬಾಗಿಲು ಹಾಕಿಕೊಂಡು ಕೂತವರಲ್ಲ ಬಿಡ್ಡಿ. ಜೈಲಿಗೆ ಹೋಗಿ ಕೈದಿಗಳಿಗೆ ಊಟ ಕೊಡುತ್ತಿದ್ದರು. 1884ರ ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆಂದು ದಿನಸಿ ಅಂಗಡಿಯಲ್ಲಿ ತಮ್ಮ ಲೆಕ್ಕಕ್ಕೆ ಸಾಮಾನು ಕೊಡಿಸಿದರು. ಸಹಾಯ ಕೇಳಿ ಬಂದವರ ಸಾಲು ಮನೆಯ ಮುಂದೆ ಇರುತ್ತಿತ್ತಂತೆ. ಈ ನಗರದ ಮೊದಲ ಕಪ್ಪು ಜನರ ಚರ್ಚು, ಫಸ್ಟ್ ಎ.ಎಂ.ಇ. ಚರ್ಚ್, 1872ರಲ್ಲಿ ಆರಂಭವಾದದ್ದು ಆಕೆಯ ಮನೆಯಲ್ಲೇ. ಜನ ಪ್ರೀತಿಯಿಂದ ಮೇಸನ್ ಅಜ್ಜಿ ಎಂದೇ ಕರೆಯುತ್ತಿದ್ದರು.

ಇಷ್ಟಾದರೂ ಆಕೆಯ ಸಮಾಧಿಗೆ 97 ವರ್ಷ ಒಂದು ಕಲ್ಲೂ ಇರಲಿಲ್ಲ. 1988ರ ಮಾರ್ಚಿನಲ್ಲಿ ಬಾಯ್ಲ್ ಹೈಟ್ಸಿನ ಎವರ್‌ಗ್ರೀನ್ ಸ್ಮಶಾನದಲ್ಲಿ ಮೇಯರ್ ಟಾಮ್ ಬ್ರಾಡ್ಲಿ ಅವರ ಸಮ್ಮುಖದಲ್ಲಿ ಸಮಾಧಿಯ ಕಲ್ಲು ಅನಾವರಣಗೊಂಡಿತು. ಮರುವರ್ಷ ಆಕೆಯ ಮನೆಯಿದ್ದ ಜಾಗದ ಬಳಿ 81 ಅಡಿ ಉದ್ದದ ಸ್ಮಾರಕ ಗೋಡೆ ಎದ್ದಿತು.

ಇಂದು ನಮಗೇಕೆ ಈ ಕಥೆ?

ಗುಲಾಮಗಿರಿ ಹಳೆಯ ಕಾಲದ್ದು ಎಂದು ನಾವು ಅಂದುಕೊಳ್ಳುತ್ತೇವೆ. 1995ರ ಆಗಸ್ಟಿನಲ್ಲಿ, ಲಾಸ್ ಏಂಜಲೀಸಿನ ಪಕ್ಕದ ಎಲ್ ಮಾಂಟೆಯಲ್ಲಿ, ಮುಳ್ಳುತಂತಿ ಹಾಕಿದ ಮನೆಗಳೊಳಗೆ ಕೂಡಿಹಾಕಿ ಬಟ್ಟೆ ಹೊಲಿಸುತ್ತಿದ್ದ 72 ಥಾಯ್ ಕೆಲಸಗಾರರನ್ನು ಬಿಡಿಸಲಾಯಿತು. ಕೆಲವರು ಅಲ್ಲಿ ವರ್ಷಗಟ್ಟಲೆ ಇದ್ದರು. ಅಷ್ಟೇ ಅಲ್ಲ, 2000ದಲ್ಲಿ ನಮ್ಮದೇ ರಾಜ್ಯದ ಬರ್ಕ್ಲಿಯಲ್ಲಿ ಆಂಧ್ರದ ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಸುಳ್ಳು ದಾಖಲೆ ಮಾಡಿ ಕರೆತಂದಿದ್ದ ಶ್ರೀಮಂತ ಮನೆಮಾಲೀಕನ ಬಂಧನವಾಯಿತು. ಆತ ಭಾರತೀಯನೇ. ಅದೇ ವರ್ಷ ಮಾನವ ಕಳ್ಳಸಾಗಣೆಯ ವಿರುದ್ಧ ಅಮೆರಿಕದ ಕೇಂದ್ರ ಕಾನೂನು ಬಂತು. ಬಲಿಪಶುಗಳಿಗೆ ಇಲ್ಲಿ ಉಳಿಯಲು ಟಿ ವೀಸಾ ಕೊಡುವ ವ್ಯವಸ್ಥೆಯೂ ಅದರಿಂದಲೇ ಆಯಿತು.

ಜೀತ ಎಂಬ ಪದ ಕನ್ನಡಿಗರಿಗೆ ಹೊಸದಲ್ಲ. ಸಾಲ ತೀರದ ಚೋಮನ ಪಾಡನ್ನು ಕಾರಂತರು 1933ರಲ್ಲೇ ಬರೆದರು. ಭಾರತದಲ್ಲಿ ಜೀತ ಪದ್ಧತಿ ನಿಷೇಧದ ಕಾಯಿದೆ ಬಂದದ್ದು 1976ರಲ್ಲಿ. ಆದ್ದರಿಂದ ಇದು ಯಾರದೋ ದೇಶದ ಯಾರದೋ ಪಾಪ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಸ್ಮಿತ್‌ನ ವಾದವನ್ನು ಮತ್ತೊಮ್ಮೆ ನೆನೆಯೋಣ. ಮನೆಯವರಿದ್ದ ಹಾಗೆ! ಊರಿನಿಂದ ಮಗು ನೋಡಿಕೊಳ್ಳಲು, ಅಡುಗೆ ಮಾಡಲು ಕರೆತಂದವರ ಬಗ್ಗೆ ಈ ಮಾತನ್ನು ನಾವೂ ಕೇಳಿದ್ದೇವೆ. ಮನೆ ಮಗಳ ಹಾಗೆ ಎನ್ನುವುದು ಒಳ್ಳೆಯ ಮಾತೇ. ಆದರೆ ಆ ಮಗಳ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ? ಆಕೆಗೆ ಸಂಬಳ ಮತ್ತು ರಜೆ ಇದೆಯೇ? ಒಬ್ಬಳೇ ಹೊರಗೆ ಹೋಗಬಲ್ಲಳೇ, ಊರಿಗೆ ಫೋನ್ ಮಾಡಬಲ್ಲಳೇ? ಕೆಲಸ ಬಿಟ್ಟು ಹೋಗಲು ಹೆದರುತ್ತಾಳೆಯೇ? ವೀಸಾ ಕಾಗದ ಕೈಯಲ್ಲಿಲ್ಲದಿದ್ದರೆ ಎಂಥ ಭಯ ಎಂಬುದನ್ನು ನಮ್ಮಂಥ ವಲಸಿಗರಿಗೆ ವಿವರಿಸಬೇಕಾಗಿಲ್ಲ. ದುಡಿಸಿಕೊಳ್ಳಲೆಂದು ಇನ್ನೊಬ್ಬರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಇಲ್ಲಿ ಅಪರಾಧ.

ಅನುಮಾನ ಬಂದರೆ ರಾಷ್ಟ್ರೀಯ ಸಹಾಯವಾಣಿ 1-888-373-7888ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ತಕ್ಷಣದ ಅಪಾಯವಿದ್ದರೆ 911. ಬಿಡ್ಡಿಯನ್ನು ಬಿಡಿಸಿದ್ದು ತೀರ್ಪು ನಿಜ; ಆದರೆ ಪ್ರಕರಣ ನ್ಯಾಯಾಧೀಶರವರೆಗೆ ಹೋದದ್ದು ನೆರೆಹೊರೆಯವರು ನೋಡಿ ಸುಮ್ಮನಿರದೆ ಇದ್ದುದರಿಂದ.

ಮುಂದಿನ ಬಾರಿ ಲಾಸ್ ಏಂಜಲೀಸ್ ಡೌನ್‌ಟೌನಿಗೆ ಹೋದಾಗ ಬ್ರಾಡ್‌ಬರಿ ಕಟ್ಟಡದ ಬಳಿ, 333 ಸೌತ್ ಸ್ಪ್ರಿಂಗ್ ಸ್ಟ್ರೀಟಿನಲ್ಲಿರುವ ಬಿಡ್ಡಿ ಮೇಸನ್ ಸ್ಮಾರಕ ಉದ್ಯಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಸ್ಯಾನ್ ಡಿಯಾಗೋದ ಬಂಧುಗಳು ಆಪಲ್ ಪೈ ತಿನ್ನಲು ಜೂಲಿಯನ್ನಿಗೆ ಹೋದಾಗ ಅಲ್ಲಿನ ಹಳೆಯ ಹೋಟೆಲನ್ನೂ ನೋಡಿ ಬನ್ನಿ. ಅದನ್ನು ಕಟ್ಟಿಸಿದ ಆಲ್ಬರ್ಟ್ ರಾಬಿನ್ಸನ್ ಕೂಡ ಹಿಂದೆ ಗುಲಾಮರಾಗಿದ್ದವರೇ. ಬಿಡ್ಡಿ ಅಜ್ಜಿಯ ಗೋಡೆಯ ಮುಂದೆ ನಿಂತು ಮಕ್ಕಳು ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಹೇಳೋಣ.

ಸಿರಿಗನ್ನಡಂ ಗೆಲ್ಗೆ!