ಏಡನ್‌ನಿಂದ ಮಂಗಳೂರಿಗೆ: ವರ್ತಕ ಅಬ್ರಹಾಂ ಬೆನ್ ಯಿಜು

ಅರಬ್ ದೇಶಗಳೆಂದೊಡನೆ ನಮಗೆ ನೆನಪಾಗುವುದು ದುಬೈ, ಮಸ್ಕತ್‌ಗಳ ಉದ್ಯೋಗ ಮತ್ತು ಅಲ್ಲಿಂದ ತಿಂಗಳು ತಿಂಗಳಿಗೂ ಬರುವ ಹಣ. ಮಿಯಾಪುರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೂ ಇದು ಹೊಸ ಸಂಗತಿಯಲ್ಲ. ಆದರೆ ಕನ್ನಡ ನಾಡಿನ ಈ ನಂಟು ತೈಲದೊಡನೆ ಹುಟ್ಟಿದ್ದಲ್ಲ. ಒಂಬತ್ತು ಶತಮಾನಗಳ ಹಿಂದೆ ಆ ಕಡೆಯಿಂದ ಈ ಕಡೆಗೆ ದುಡಿಮೆಗಾಗಿ ಬಂದವರಿದ್ದರು. ಅವರಲ್ಲೊಬ್ಬ ಅಬ್ರಹಾಂ ಬೆನ್ ಯಿಜು.

ಬೆನ್ ಯಿಜುವಿನ ಹುಟ್ಟೂರು ಇಂದಿನ ಟುನೀಶಿಯಾದ ಮಹದಿಯಾ ಬಂದರು. ಮತದಿಂದ ಯಹೂದಿ, ಆಡುತ್ತಿದ್ದುದು ಅರಬ್ಬಿ, ಅದನ್ನು ಬರೆಯುತ್ತಿದ್ದುದು ಹೀಬ್ರೂ ಲಿಪಿಯಲ್ಲಿ. ಯೆಮೆನಿನ ಏಡನ್ ಸೇರಿ, ಅಲ್ಲಿನ ವರ್ತಕರ ಪ್ರತಿನಿಧಿಯಾಗಿದ್ದ ಮದ್ಮೂನ್ ಇಬ್ನ್ ಹಸನ್‌ನ ವಿಶ್ವಾಸ ಗಳಿಸಿದನು. 1132ರ ವೇಳೆಗೆ ಆಳುಪರ ಆಳ್ವಿಕೆಯ ಮಂಗಳೂರಿಗೆ ಬಂದನು. ಅದೇ ವರ್ಷದ ಅಕ್ಟೋಬರ್ 17ರಂದು ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದನು. ಆಕೆಯೇ ಅವನ ಪತ್ನಿಯಾಗಿ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಭಾವಿಸುತ್ತಾರೆ.

ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಅವನು ಏಡನ್‌ಗೆ ಕಳುಹಿಸುತ್ತಿದ್ದನು. ಅಲ್ಲಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿ ಮತ್ತು ಕಾಗದ ಬರುತ್ತಿದ್ದವು. ಓಲೆಗರಿಯ ನಾಡಿನಲ್ಲಿ ಕಾಗದವೇ ಒಂದು ಉಡುಗೊರೆ! ಮಂಗಳೂರಿನಲ್ಲಿ ಅವನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್‌ನ ಗೆಳೆಯರು ಒಡೆದ ಪಾತ್ರೆಗಳನ್ನು ಕಳುಹಿಸಿ, ಬೇಕಾದ ಹೊಸ ಪಾತ್ರೆಗಳ ವಿವರ ಬರೆಯುತ್ತಿದ್ದರು. ಅವನ ಪರವಾಗಿ ಸಮುದ್ರ ದಾಟಿ ವ್ಯವಹರಿಸಿದವನು ಒಬ್ಬ ಸೇವಕ. ಅವನ ಹೆಸರನ್ನು 'ಬೊಮ್ಮ' ಎಂದು ಗುರುತಿಸಲು ನೆರವಾದವರು ನಮ್ಮ ವಿದ್ವಾಂಸ ಬಿ. ಎ. ವಿವೇಕ ರೈ. ಬೊಮ್ಮ ಏಡನ್‌ನಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದನೆಂಬ ದೂರು ಒಮ್ಮೆ ಬಂದಿತ್ತು. ಆದರೂ ಯಜಮಾನನು ಅವನನ್ನು ಕೈಬಿಡಲಿಲ್ಲ. ಮುಂದಿನ ಪತ್ರಗಳಲ್ಲಿ ಬೊಮ್ಮನಿಗೂ ವಂದನೆಗಳು ಬಂದವು.

ಬ್ಯಾಂಕ್ ಉದ್ಯೋಗಿಯಾದ ನನ್ನನ್ನು ಹೆಚ್ಚು ಸೆಳೆದದ್ದು ಇನ್ನೊಂದು ಪ್ರಸಂಗ. ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯನೊಬ್ಬ ಸರಕು ಕೊಡಲಿಲ್ಲ. ಮಾತು ತಪ್ಪುವವರನ್ನು ಏಡನ್‌ನಲ್ಲಿ ಬಹಿರಂಗವಾಗಿ ಖಂಡಿಸುವ ಪದ್ಧತಿಯಿದೆಯೆಂದು ಅವನನ್ನು ಹೆದರಿಸುವಂತೆ ಗೆಳೆಯರು ಸಲಹೆ ಬರೆದರು. ಬ್ಯಾಂಕುಗಳು ಇಲ್ಲದ ಆ ದಿನಗಳಲ್ಲಿ ವರ್ತಕನ ಹೆಸರೇ ಅವನ ಅಡಮಾನ. ಹೆಸರು ಕೆಟ್ಟರೆ ವ್ಯಾಪಾರವೂ ಮುಗಿದಂತೆ.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹದಿಯಾವನ್ನು ವಶಪಡಿಸಿಕೊಂಡರು. ಬೆನ್ ಯಿಜುವಿನ ಬಂಧುಗಳು ದಿಕ್ಕಾಪಾಲಾದರು. 1149ರಲ್ಲಿ ಮಕ್ಕಳೊಡನೆ ಏಡನ್‌ಗೆ ಮರಳಿದ ಅವನು, ತನ್ನ ಗಳಿಕೆಯನ್ನು ಹಂಚಿಕೊಳ್ಳಲು ಬರಬೇಕೆಂದು ಒಡಹುಟ್ಟಿದವರಿಗೆ ಪತ್ರ ಬರೆದನು. ಅದರಲ್ಲಿ ಮಕ್ಕಳ ವಿಚಾರವಿದೆ, ಆಶುವಿನ ಹೆಸರಿಲ್ಲ. ತಮ್ಮ ಮುಬಶ್ಶಿರ್ ಬಂದನು. ಬಂದವನು ಅಣ್ಣನ ದೊಡ್ಡ ಮೊತ್ತವನ್ನೇ ಲಪಟಾಯಿಸಿದನು. ಸಮುದ್ರದಾಚೆಯ ಗೆಳೆಯರು ಬರಿಯ ಪತ್ರಗಳ ಮೇಲೆ ಹದಿನೇಳು ವರ್ಷ ಕಾಪಾಡಿದ ನಂಬಿಕೆಯನ್ನು ಒಡಹುಟ್ಟಿದವನು ಮುರಿದನು. ಮಗ ಸುರೂರ್ ಕೂಡ ತೀರಿಕೊಂಡನು.

ಉಳಿದವಳು ಒಬ್ಬಳೇ ಮಗಳು, ಸಿತ್ತ್ ಅಲ್-ದಾರ್. ಏಡನ್‌ನ ಪ್ರತಿಷ್ಠಿತ ಮನೆತನದವರು ಕೇಳಿದ್ದರೂ, ಅವಳನ್ನು ಇನ್ನೊಬ್ಬ ಸೋದರ ಯೂಸುಫನ ಮಗನಿಗೇ ಕೊಡಬೇಕೆಂದು ತಂದೆ ಬಯಸಿದನು. ನಮ್ಮಲ್ಲಿ ಅಣ್ಣತಮ್ಮಂದಿರ ಮಕ್ಕಳು ಒಡಹುಟ್ಟಿದವರಂತೆಯೇ. ಅವರಲ್ಲಿ ಈ ಸಂಬಂಧ ರೂಢಿ. 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ ಆ ಮದುವೆ ನೆರವೇರಿತು. ತಮ್ಮನಿಂದ ವಂಚಿತನಾದ ಮೇಲೂ ಅವನು ರಕ್ತಸಂಬಂಧವನ್ನು ಬಿಡಲಿಲ್ಲ.

ದೇವರ ಹೆಸರಿರುವ ಕಾಗದವನ್ನು ನಾಶಪಡಿಸಬಾರದೆಂಬ ನಂಬಿಕೆಯಿಂದ ಯಹೂದಿಯರು ಹಳೆಯ ಪತ್ರಗಳನ್ನು ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಹಾಕುತ್ತಿದ್ದರು. ಅವುಗಳಲ್ಲಿ ಬಹುಪಾಲು 1897ರಲ್ಲಿ ಕೇಂಬ್ರಿಜ್ ಸೇರಿದವು. ಎಸ್. ಡಿ. ಗೋಯಿಟೈನ್ ಬೆನ್ ಯಿಜುವಿನ ಪತ್ರಗಳನ್ನು ಅಭ್ಯಸಿಸಿದರು. 1992ರಲ್ಲಿ ಅಮಿತಾವ್ ಘೋಷರ ಕೃತಿಯು ಅವನ ಕಥೆಯನ್ನು ಜಗತ್ತಿಗೆ ತಲುಪಿಸಿತು.

ಅವನ ಕಂಚು, ಏಲಕ್ಕಿ, ಹಣ ಯಾವುದೂ ಉಳಿಯಲಿಲ್ಲ. ಉಳಿದದ್ದು ಕಾಗದ. ಅದರೊಡನೆ ಮಂಗಳೂರಿನ ಆಶು ಮತ್ತು ಬೊಮ್ಮರ ಹೆಸರುಗಳೂ ಉಳಿದವು. ಊರು ಬಿಟ್ಟು ಬಂದು ಇಲ್ಲಿ ನೆಲೆ ಕಂಡ ನಮಗೆ ಈ ಬಾಳು ದೂರದ್ದೆನಿಸುವುದಿಲ್ಲ.