ಸ್ಟ್ಯಾಂಡ್‌ಬೈ ಪೈಲಟ್ ದೇವಯ್ಯ

ಕೊಡಗು ಅಂದ್ರೆ ನಮಗೆ ಕಾಫಿ, ಮಳೆ, ಟ್ರಿಪ್. ಅಲ್ಲಿನ ಸೈನಿಕರು ಅಂದ್ರೆ ಕಾರ್ಯಪ್ಪ, ತಿಮ್ಮಯ್ಯ. ಆದರೆ ಮಡಿಕೇರಿಯಲ್ಲಿ ಇನ್ನೊಬ್ಬರ ಹೆಸರಿನ ಸರ್ಕಲ್ ಕೂಡ ಇದೆ. ಅವರೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ದೇವಯ್ಯ ಹುಟ್ಟಿದ್ದು 1932ರಲ್ಲಿ. 1954ರಲ್ಲಿ ವಾಯುಪಡೆ ಸೇರಿದರು. ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಮೇಷ್ಟ್ರೂ ಆಗಿದ್ದರು. 1965ರ ಯುದ್ಧದಲ್ಲಿ ಪಂಜಾಬಿನ ಆದಂಪುರದಲ್ಲಿದ್ದ ನಂಬರ್ 1 ಸ್ಕ್ವಾಡ್ರನ್ ಸೇರಿಕೊಂಡರು.

ಸೆಪ್ಟೆಂಬರ್ 7ರ ಬೆಳಗಿನ ಜಾವ 12 ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ ಮಾಡಬೇಕಿತ್ತು. ದೇವಯ್ಯ ಆ 12 ಜನರಲ್ಲಿ ಇರಲೇ ಇಲ್ಲ. ಅವರು ಸ್ಟ್ಯಾಂಡ್‌ಬೈ. ತಂಡದಲ್ಲಿ ಒಂದು ಜಾಗ ಖಾಲಿಯಾದಾಗ ತಾವೇ ಹೋಗಿ ಸೇರಿಕೊಂಡರು.

ವಾಪಸ್ ಬರುವಾಗ ಪಾಕಿಸ್ತಾನದ ಅಮ್ಜದ್ ಹುಸೇನ್ ಅವರ ಎಫ್-104 ಸ್ಟಾರ್‌ಫೈಟರ್ ದೇವಯ್ಯನವರ ಬೆನ್ನು ಹತ್ತಿತು. ಅದರ ವೇಗ ಶಬ್ದದ ಎರಡರಷ್ಟು. ಮಿಸ್ಟೀರ್ ಅದರ ಅರ್ಧದಷ್ಟೂ ಓಡಲ್ಲ. ಸಾಲದ್ದಕ್ಕೆ ಮನೆಗೆ ಮುಟ್ಟುವಷ್ಟೇ ಇಂಧನ. ಮೊದಲ ಏಟು ಬಿದ್ದದ್ದು ದೇವಯ್ಯನವರ ವಿಮಾನಕ್ಕೇ. ಆದರೂ ಅವರು ತಿರುಗಿ ನಿಂತರು. ಸ್ಟಾರ್‌ಫೈಟರ್‌ನ ರೆಕ್ಕೆ ತುಂಬಾ ಚಿಕ್ಕದು, ನೇರ ಓಟಕ್ಕೆ ಸೂಪರ್, ಆದ್ರೆ ಬಿಗಿಯಾಗಿ ತಿರುಗೋಕೆ ಕಷ್ಟ. ವೇಗ ಇಳಿಸಿ ಸುತ್ತು ಹೊಡೆಯುವ ಕಾಳಗದಲ್ಲಿ ಮಿಸ್ಟೀರ್‌ಗೂ ಒಂದು ಅವಕಾಶ ಸಿಗುತ್ತೆ. ಆ ಅವಕಾಶದಲ್ಲೇ ದೇವಯ್ಯ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಜೊತೆಗೆ ಹೋದವರು ಯಾರೂ ಈ ಕಾಳಗ ನೋಡಿರಲಿಲ್ಲ. ಹಾಗಾಗಿ ನಮ್ಮ ದಾಖಲೆಯಲ್ಲಿ ಅವರು ಬರೀ ಕಾಣೆಯಾದ ಪೈಲಟ್. ಮನೆಯವರಿಗೆ ಸಿಕ್ಕ ಉತ್ತರವೂ ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಈ ಯುದ್ಧದ ಕತೆ ಬರೆದರು. ಒಬ್ಬ ಮಿಸ್ಟೀರ್ ಪೈಲಟ್ ಸ್ಟಾರ್‌ಫೈಟರ್ ಬೀಳಿಸಿದ್ದು ಅದರಲ್ಲಿತ್ತು. ಆ ಪೈಲಟ್ ದೇವಯ್ಯನೇ ಅಂತ ಆಮೇಲೆ ಗೊತ್ತಾಯಿತು. ಅವರ ಶೌರ್ಯಕ್ಕೆ ಸಾಕ್ಷಿ ಸಿಕ್ಕಿದ್ದು ಶತ್ರುಪಾಳಯದಲ್ಲಿ! 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಮರಣೋತ್ತರ ಮಹಾವೀರ ಚಕ್ರ ಬಂತು.

ಚಪ್ಪಾಳೆ ಹೊಡೆಯೋಕೆ ಯಾರೂ ಇಲ್ಲದ ಜಾಗದಲ್ಲಿ ಅವರು ತಮ್ಮ ಕೆಲಸ ಮುಗಿಸಿದ್ದರು. ಇಂಟರ್ನಲ್ಸ್ ಮುಗಿದ ಮೇಲೆ ನಾವು ಮಡಿಕೇರಿಗೆ ಹೋದರೆ, ರಾಜಾಸೀಟಿಗೆ ಓಡೋ ಮುಂಚೆ ಆ ಸರ್ಕಲ್‌ನಲ್ಲಿ ಎರಡು ನಿಮಿಷ ನಿಲ್ಲೋಣ.