ಗೋಖಲೆಯವರ ಕ್ಷಮಾಪಣೆ

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳಿಗೆ ವಾರಕ್ಕೊಮ್ಮೆ ಮೌಲ್ಯ ಶಿಕ್ಷಣದ ಪೀರಿಯಡ್ ಇದೆ. ತನ್ನ ಐದು ಮೌಲ್ಯಗಳನ್ನು ಪಟ್ಟಿ ಮಾಡಿ, ಅವುಗಳಂತೆ ಬಾಳಿದ ಒಬ್ಬ ಮಹನೀಯರ ಬಗ್ಗೆ ಒಂದು ಪುಟ ಬರೆಯಬೇಕೆಂದು ಕಳೆದ ತಿಂಗಳು ಅವಳಿಗೆ ಹೋಂವರ್ಕ್ ಕೊಟ್ಟಿದ್ದರು. ಅದಕ್ಕೆ ಹತ್ತು ಅಂಕ. ಸತ್ಯ, ಪ್ರಾಮಾಣಿಕತೆ, ಶಿಸ್ತು, ದಯೆ, ದೇಶಪ್ರೇಮ ಎಂದು ಎರಡೇ ನಿಮಿಷದಲ್ಲಿ ಪಟ್ಟಿ ಸಿದ್ಧವಾಯಿತು. ಮಹನೀಯರನ್ನು ಹುಡುಕಿಕೊಡುವ ಕೆಲಸ ಮಾತ್ರ ತಾತನ ಪಾಲಿಗೆ ಬಂತು. ನಾನು ಗೋಪಾಲಕೃಷ್ಣ ಗೋಖಲೆಯವರ ಹೆಸರು ಹೇಳಿದೆ. ಅವಳಿಗೆ ಆ ಹೆಸರು ಅಪರಿಚಿತವಲ್ಲ. ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಉಪನ್ಯಾಸ ಕೇಳಲು ಹೋಗುವಾಗ ಅವಳನ್ನೂ ಒಂದೆರಡು ಬಾರಿ ಕರೆದೊಯ್ದಿದ್ದೇನೆ.

ಗೋಖಲೆಯವರ ಬಗ್ಗೆ ಶಾಲಾಪುಸ್ತಕಗಳು ಹೇಳುವ ಕಥೆ ಒಂದೇ. ಮನೆಯಲ್ಲಿ ಮಾಡಿಕೊಂಡು ಬಂದ ಲೆಕ್ಕಗಳೆಲ್ಲ ಸರಿಯಾಗಿದ್ದುದಕ್ಕೆ ಮೇಷ್ಟರು ಹೊಗಳಿದಾಗ, ಅದರಲ್ಲಿ ಬೇರೆಯವರ ನೆರವಿತ್ತೆಂದು ಬಾಲಕ ಗೋಪಾಲ ಅತ್ತುಬಿಟ್ಟನಂತೆ. ಮಕ್ಕಳಿಗೆ ಇಷ್ಟು ಸಾಕೆಂದು ಪುಸ್ತಕ ಬರೆದವರು ಭಾವಿಸಿರಬೇಕು. ಆದರೆ ಲೆಕ್ಕ ತಪ್ಪಿದ್ದನ್ನು ಎಲ್ಲರೆದುರು ಒಪ್ಪಿಕೊಳ್ಳುವ ನಿಜವಾದ ಪ್ರಸಂಗ ಅವರಿಗೆ ಎದುರಾದುದು 31ನೆಯ ವಯಸ್ಸಿನಲ್ಲಿ. ಅಲ್ಲಿ ಹೊಗಳುವ ಮೇಷ್ಟರು ಯಾರೂ ಇರಲಿಲ್ಲ.

ರತ್ನಾಗಿರಿ ಜಿಲ್ಲೆಯ ಕೋತಳುಕ ಗ್ರಾಮದಲ್ಲಿ 1866ರಲ್ಲಿ ಹುಟ್ಟಿದ ಗೋಖಲೆಯವರದು ಬಡತನದ ಬಾಲ್ಯ. ತಂದೆ ತೀರಿಕೊಂಡ ಮೇಲೆ ಅಣ್ಣ ಗೋವಿಂದರಾಯರು ತಮ್ಮ ತಿಂಗಳ 15 ರೂಪಾಯಿ ಸಂಬಳದಲ್ಲಿ 8 ರೂಪಾಯಿಯನ್ನು ತಮ್ಮನ ಓದಿಗೆ ಕಳುಹಿಸುತ್ತಿದ್ದರು. ಸಂಬಳದ ಅರ್ಧಕ್ಕಿಂತ ಹೆಚ್ಚು! 1884ರಲ್ಲಿ ಬಿ.ಎ. ಮುಗಿಸಿದ ಯುವಕ, ಸರಕಾರಿ ನೌಕರಿಯ ಆಸೆ ಬಿಟ್ಟು, ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಾದರು. ತಿಂಗಳಿಗೆ 75 ರೂಪಾಯಿ, ಇಪ್ಪತ್ತು ವರ್ಷಗಳ ಕಟ್ಟುಪಾಡು. ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರಗಳನ್ನು ಕಲಿಸಿದರು. ಅದೇ ಕಾಲದಲ್ಲಿ ನ್ಯಾಯಮೂರ್ತಿ ರಾನಡೆಯವರ ಕೈಕೆಳಗೆ ಸರಕಾರಿ ವರದಿಗಳನ್ನು ಸಾಲು ಸಾಲಾಗಿ ಓದುವ, ಅಂಕಿಅಂಶ ಪರಿಶೀಲಿಸದೆ ಒಂದು ವಾಕ್ಯವನ್ನೂ ಬರೆಯದಿರುವ ಕಠಿಣ ಶಿಕ್ಷಣ ಪಡೆದರು.

ಇಂಥ ಶಿಷ್ಯ ಎಡವಿದ್ದು ಪರಿಶೀಲಿಸದ ಒಂದು ಮಾತಿನಿಂದಲೇ. 1897ರಲ್ಲಿ ವೆಲ್ಬಿ ಆಯೋಗದ ಮುಂದೆ ಭಾರತದ ಹಣಕಾಸಿನ ಬಗ್ಗೆ ಸಾಕ್ಷ್ಯ ನುಡಿಯಲು ಅವರು ಇಂಗ್ಲೆಂಡಿಗೆ ಹೋಗಿದ್ದರು. ಅತ್ತ ಪುಣೆಯಲ್ಲಿ ಪ್ಲೇಗು ಹರಡಿ, ಸೋಂಕಿತರನ್ನು ಹುಡುಕಲು ಸೈನಿಕರು ಮನೆಮನೆಗೆ ನುಗ್ಗುತ್ತಿದ್ದರು. ಸೈನಿಕರು ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವೆಸಗಿದರು, ಅವರಲ್ಲೊಬ್ಬಳು ಪ್ರಾಣ ಕಳೆದುಕೊಂಡಳು ಎಂದು ಪುಣೆಯ ಸ್ನೇಹಿತರಿಂದ ಪತ್ರ ಬಂತು. ಗೋಖಲೆ ಅದನ್ನು ನಂಬಿ ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಹೇಳಿದರು. ಭಾರೀ ಗದ್ದಲವಾಯಿತು. ಜೂನ್ ತಿಂಗಳಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಹತ್ಯೆಯೂ ನಡೆದಿತ್ತು. ಊರಿಗೆ ಮರಳಿ ವಿಚಾರಿಸಿದರೆ ಆ ಆರೋಪವನ್ನು ರುಜುವಾತುಪಡಿಸಲು ಸಾಕ್ಷ್ಯವಿಲ್ಲ. ಪತ್ರ ಬರೆದವರು ಮುಂದೆ ಬರಲು ಸಿದ್ಧರಿಲ್ಲ. ಅವರ ಹೆಸರು ಹೇಳಲು ಗೋಖಲೆ ಒಪ್ಪಲಿಲ್ಲ. ಇಡೀ ಹೊಣೆಯನ್ನು ತಾವೇ ಹೊತ್ತು, ಗವರ್ನರರನ್ನೂ ಪ್ಲೇಗು ಕಾರ್ಯದಲ್ಲಿದ್ದ ಸೈನಿಕರನ್ನೂ ಬಹಿರಂಗವಾಗಿ, ಯಾವ ಷರತ್ತೂ ಇಲ್ಲದೆ ಕ್ಷಮೆ ಕೇಳಿದರು.

ಆಡಳಿತದಲ್ಲಿದ್ದವನಾಗಿ ನನಗನ್ನಿಸುವುದೆಂದರೆ, ಆ ಕ್ಷಮಾಪಣೆ ಅಗತ್ಯಕ್ಕಿಂತ ದೊಡ್ಡದಾಯಿತು. ಮನೆಶೋಧದ ಹೆಸರಿನಲ್ಲಿ ಜನರಿಗಾದ ಅವಮಾನ ಸುಳ್ಳಾಗಿರಲಿಲ್ಲ. ಒಂದು ಆರೋಪವನ್ನು ಹಿಂತೆಗೆದುಕೊಳ್ಳುವ ಭರದಲ್ಲಿ ಉಳಿದ ದೂರುಗಳ ಕಾವೂ ಆರಿತು. ತಿಲಕರು ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆ ಸೇರಿದ ದಿನಗಳವು. ಪಕ್ಕದಲ್ಲಿಟ್ಟು ನೋಡಿದವರಿಗೆ ಗೋಖಲೆ ಹೇಡಿಯಂತೆ ಕಂಡದ್ದು ಸಹಜ. ಸ್ವದೇಶೀಯರು ಹೀಗಳೆದರು, ಆಂಗ್ಲರು ಸುಳ್ಳುಗಾರನೆಂದರು. ಸಾರ್ವಜನಿಕ ಜೀವನ ಅಲ್ಲಿಗೇ ಮುಗಿಯಿತೆಂದು ಅವರಿಗೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಇದಾದ ಕೆಲವೇ ತಿಂಗಳಲ್ಲಿ, 1898ರ ಫೆಬ್ರುವರಿಯಲ್ಲಿ, ಅವರು ಒಂದು ಕಾಗದದ ಮೇಲೆ ತಮ್ಮ ಸಂಕಲ್ಪಗಳನ್ನು ಬರೆದಿಟ್ಟುಕೊಂಡರು. ಗುರು ದತ್ತಾತ್ರೇಯನನ್ನು ನೆನೆದು ಬರೆದ ಖಾಸಗಿ ಪಟ್ಟಿ ಅದು. ಯೋಗಾಭ್ಯಾಸ ಬಿಡದೆ ಮಾಡುವುದು, ಇತಿಹಾಸ, ಖಗೋಳ, ಮನಶ್ಶಾಸ್ತ್ರ, ಫ್ರೆಂಚ್ ಭಾಷೆ ಕಲಿಯುವುದು, ಮುಂಬಯಿಯ ಶಾಸನಸಭೆ, ಬಳಿಕ ವೈಸರಾಯರ ಶಾಸನಸಭೆಯ ಸದಸ್ಯನಾಗಿ ದೇಶಕ್ಕೆ ಒಳಿತು ಮಾಡುವುದು, ಉನ್ನತ ತಾತ್ತ್ವಿಕ ಧರ್ಮವನ್ನು ಬೋಧಿಸುವುದು... ಓದಿದರೆ ಕಾಲೇಜು ಹುಡುಗನ ಪಟ್ಟಿಯಂತಿದೆ. ಮಾನ ಕಳೆದುಕೊಂಡು ಕುಳಿತ ಮನುಷ್ಯ ತನ್ನನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ ರೀತಿಯಿದು. ಪಟ್ಟಿಯಲ್ಲಿದ್ದ ಎರಡೂ ಸಭೆಗಳನ್ನು ಅವರು ನಾಲ್ಕು ವರ್ಷದೊಳಗೆ ಪ್ರವೇಶಿಸಿದರು.

ಎಂ.ಎ. ತರಗತಿಯಲ್ಲಿ ನಾನು ಅವರ 1902ರ ಬಜೆಟ್ ಭಾಷಣ ಓದಿದ್ದೆ. ಬರ ಮತ್ತು ಪ್ಲೇಗಿನ ನಡುವೆಯೂ ಸರಕಾರ ಏಳು ಕೋಟಿ ರೂಪಾಯಿ ಉಳಿತಾಯ ತೋರಿಸಿ ಬೀಗುತ್ತಿತ್ತು. ಇದು ಸಮೃದ್ಧಿಯ ಗುರುತಲ್ಲವೆಂದು ಗೋಖಲೆ ವಾದಿಸಿದರು. ರೂಪಾಯಿಯ ವಿನಿಮಯ ಮೌಲ್ಯವನ್ನು 16 ಪೆನ್ಸ್‌ಗೆ ಕೃತಕವಾಗಿ ಏರಿಸಿದ್ದರಿಂದ ಇಂಗ್ಲೆಂಡಿಗೆ ಕಳುಹಿಸಬೇಕಾದ ಹಣ ಅಗ್ಗವಾಗಿತ್ತು; ಕಷ್ಟಕಾಲದಲ್ಲಿ ಹೇರಿದ ತೆರಿಗೆಗಳನ್ನು ಮಾತ್ರ ಇಳಿಸಿರಲಿಲ್ಲ. ಪ್ರತಿ ಅಂಕಿಯೂ ಸರಕಾರದ ದಾಖಲೆಯಿಂದಲೇ ಎತ್ತಿದ್ದು. ಐದು ವರ್ಷದ ಹಿಂದೆ ಆಧಾರವಿಲ್ಲದೆ ಮಾತನಾಡಿ ಬೆಂದವರು ಮತ್ತೆಂದೂ ಹಾಗೆ ಮಾತನಾಡಲಿಲ್ಲ. ಮರುವರ್ಷವೇ ಉಪ್ಪಿನ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿಯಿಂದ ಎರಡಕ್ಕೆ ಇಳಿಯಿತು. 1907ರ ಹೊತ್ತಿಗೆ ಒಂದು ರೂಪಾಯಿಯಾಯಿತು.

1905ರಲ್ಲಿ ಅವರು ಭಾರತ ಸೇವಕ ಸಮಾಜ ಸ್ಥಾಪಿಸಿದಾಗ ಸದಸ್ಯರಿಗೆ ಏಳು ಪ್ರತಿಜ್ಞೆಗಳನ್ನು ವಿಧಿಸಿದರು. ಅವುಗಳಲ್ಲಿ ಸ್ವಂತಕ್ಕಾಗಿ ಹಣ ಗಳಿಸದಿರುವುದು, ಜಾತಿಮತಗಳ ಭೇದವೆಣಿಸದಿರುವುದು, ಯಾರೊಡನೆಯೂ ವೈಯಕ್ತಿಕ ಕಲಹಕ್ಕೆ ಇಳಿಯದಿರುವುದು ಸೇರಿದ್ದವು. ಆರರಿಂದ ಹತ್ತು ವರ್ಷದ ಬಾಲಕರಿಗೆ ಕಡ್ಡಾಯ ಶಿಕ್ಷಣ ತರುವ ಅವರ ಮಸೂದೆ 1912ರಲ್ಲಿ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ದೇಶದಲ್ಲಿ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದುದು 2010ರಲ್ಲಿ. 1914ರಲ್ಲಿ ನೈಟ್ ಪದವಿಯನ್ನು ನಿರಾಕರಿಸಿದ ಗೋಖಲೆ ಮರುವರ್ಷ ಫೆಬ್ರುವರಿ 19ರಂದು ತೀರಿಕೊಂಡರು. ಐವತ್ತು ತುಂಬಿರಲಿಲ್ಲ.

ಅವರ ಬಾಳಿನಲ್ಲಿ ಎಲ್ಲವೂ ನಿರ್ಮಲವಾಗಿತ್ತೆಂದಲ್ಲ. ಮೊದಲ ಹೆಂಡತಿ ರೋಗಿಯಾಗಿ ಬದುಕಿರುವಾಗಲೇ 1887ರಲ್ಲಿ ಎರಡನೆಯ ಮದುವೆಯಾದರು. ಸಮಾಜ ಸುಧಾರಕರ ಪಂಗಡದಲ್ಲಿದ್ದವರಿಗೆ ಇದು ಕೊನೆಯವರೆಗೂ ಚುಚ್ಚುವ ಮುಳ್ಳು. ಮೊಮ್ಮಗಳಿಗೆ ಇದನ್ನೂ ಹೇಳಿದೆ. ಬರೆದರೆ ಅಂಕ ಕಳೆಯುತ್ತಾರೆಂದು ಅವಳು ಬಿಟ್ಟುಬಿಟ್ಟಳು. ಕ್ಷಮಾಪಣೆಯ ಸಂಗತಿ ಮಾತ್ರ ಬರೆದುಕೊಂಡಳು. ಬಳಿಕ, ತಾತ, ನೀವು ಆಫೀಸರ್ ಆಗಿದ್ದಾಗ ಯಾರನ್ನಾದರೂ ಹಾಗೆ ಕ್ಷಮೆ ಕೇಳಿದ್ದೀರಾ ಎಂದು ಕೇಳಿದಳು.

ಎಂಬತ್ತರ ದಶಕದ ಬರಗಾಲದಲ್ಲಿ ನಾನು ಒಂದು ಉಪವಿಭಾಗದ ಅಧಿಕಾರಿಯಾಗಿದ್ದೆ. ಗ್ರಾಮ ಲೆಕ್ಕಿಗರೊಬ್ಬರು ಜಾನುವಾರುಗಳಿಗೆ ಬಂದ ಮೇವನ್ನು ಮಾರಿಕೊಂಡರೆಂದು ಅರ್ಜಿ ಬಂತು. ಸಂತೆಯ ದಿನ ಜನರೆದುರೇ ಅವರನ್ನು ಕಳ್ಳನೆಂದು ಬೈದು ಅಮಾನತು ಮಾಡಿದೆ. ಹನ್ನೊಂದು ತಿಂಗಳ ವಿಚಾರಣೆಯ ಬಳಿಕ ಮೇವಿನ ಲೆಕ್ಕವೆಲ್ಲ ಸರಿಯಿತ್ತೆಂದೂ, ಜಮೀನಿನ ಜಗಳದಿಂದ ಅರ್ಜಿ ಹುಟ್ಟಿತೆಂದೂ ತಿಳಿಯಿತು. ಅಮಾನತು ರದ್ದುಮಾಡಿ, ಬಾಕಿ ಸಂಬಳ ಕೊಡಿಸಿ, ಕಡತ ಮುಕ್ತಾಯಗೊಳಿಸಿದೆ. ನಿಯಮದ ಪ್ರಕಾರ ನನ್ನ ಕೆಲಸ ಮುಗಿದಿತ್ತು. ಸಂತೆಯಲ್ಲಿ ಆಡಿದ ಮಾತಿಗೆ ಯಾವ ಕಡತವೂ ಇರಲಿಲ್ಲ. ಮುಂದೆ ತರಬೇತಿ ಸಂಸ್ಥೆಗಳಲ್ಲಿ ಕಿರಿಯ ಅಧಿಕಾರಿಗಳಿಗೆ ಆಡಳಿತದಲ್ಲಿ ನೈತಿಕತೆ ಎಂಬ ವಿಷಯವಾಗಿ ಎಷ್ಟೋ ಉಪನ್ಯಾಸ ಕೊಟ್ಟೆ. ಈ ಸಂಗತಿಯನ್ನು ಒಮ್ಮೆಯೂ ಹೇಳಲಿಲ್ಲ.

ಮೊಮ್ಮಗಳಿಗೆ ಹತ್ತಕ್ಕೆ ಒಂಬತ್ತು ಅಂಕ ಬಂತು. ಕಳೆದ ವಾರ ಆ ತಾಲ್ಲೂಕಿನಲ್ಲಿ ಶಿರಸ್ತೇದಾರರಾಗಿದ್ದವರೊಬ್ಬರಿಗೆ ಫೋನ್ ಮಾಡಿದೆ. ಲೆಕ್ಕಿಗರು ಊರಿನಲ್ಲೇ ಇದ್ದಾರಂತೆ; ಎಂಬತ್ತು ದಾಟಿದೆ, ಕಣ್ಣು ಕಾಣದಂತೆ. ಪತ್ರ ಬರೆದರೆ ಬೇರೆ ಯಾರೋ ಓದಿ ಹೇಳಬೇಕಾಗುತ್ತದೆ. ಹಾಗಾಗಿ ಬಸ್ಸಿನ ವೇಳೆ ಕೇಳಿಟ್ಟುಕೊಂಡಿದ್ದೇನೆ. ಆ ಊರಿನ ಸಂತೆ ಈಗಲೂ ಗುರುವಾರವೇ ನಡೆಯುತ್ತದಂತೆ.